ಚೆಂಡಿನ ಹಿಂದೆ ಓಡಬೇಡ ಅನ್ನಿ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳ ಹುಡುಗರಲ್ಲಿ ಕೆಲವರು ಹೈಸ್ಕೂಲಿನ ಫುಟ್‌ಬಾಲ್ ತಂಡ ಸೇರುತ್ತಿದ್ದಾರೆ. ಸಂತೋಷ. ನಿಮ್ಮ ಹುಡುಗ ಡಿಫೆನ್ಸ್‌ನಲ್ಲಿ ಆಡುತ್ತಿದ್ದರೆ ಈ ನಾಲ್ಕು ಮಾತು ನಿಮಗಾಗಿ. ಶುಕ್ರವಾರ ರಾತ್ರಿ ಗ್ಯಾಲರಿಯಲ್ಲಿ ಕೂತು ನೀವು ಕೂಗುವುದನ್ನು ನಾನು ಬೇಡವೆನ್ನುವುದಿಲ್ಲ; ಮಕ್ಕಳಿಗೆ ಹುರುಪು ಬರುತ್ತದೆ. ಆದರೆ ಎದುರಿನ ತಂಡದ ಕ್ವಾರ್ಟರ್‌ಬ್ಯಾಕ್ ಒಳ್ಳೆಯ ಓಟಗಾರನಾಗಿದ್ದು, ಅವರು ಆಪ್ಷನ್ ಆಟ ಆಡುವವರಾಗಿದ್ದರೆ, "ಚೆಂಡು ಎಲ್ಲಿದೆ ನೋಡೋ, ಹೋಗಿ ಹಿಡಿಯೋ" ಎಂದು ಮಾತ್ರ ಕೂಗಬೇಡಿ. ಆ ಆಟವನ್ನು ಕಟ್ಟಿರುವುದೇ ಚೆಂಡಿನ ಹಿಂದೆ ಓಡುವವರನ್ನು ಮೋಸಗೊಳಿಸುವುದಕ್ಕೆ. ನಿಮ್ಮ ಕೂಗು ಕೇಳಿ ಮಗ ತನ್ನ ಜಾಗ ಬಿಟ್ಟರೆ ಕೋಚ್ ವಾರವೆಲ್ಲ ಹೇಳಿಕೊಟ್ಟದ್ದು ಮಣ್ಣುಪಾಲು.

ಮೊದಲು ಲೆಕ್ಕ ತಿಳಿದುಕೊಳ್ಳಿ. ಎರಡೂ ಕಡೆ 11 ಜನ. ಕ್ವಾರ್ಟರ್‌ಬ್ಯಾಕ್ ಓಡದವನಾದರೆ ಚೆಂಡನ್ನು ಇನ್ನೊಬ್ಬನ ಕೈಗಿತ್ತು ಪಕ್ಕಕ್ಕೆ ಸರಿಯುತ್ತಾನೆ. ಆಗ ಕೆಲಸಕ್ಕೆ ಉಳಿಯುವವರು ಅವರಲ್ಲಿ 10 ಜನ, ನಮ್ಮಲ್ಲಿ 11. ಕ್ವಾರ್ಟರ್‌ಬ್ಯಾಕ್ ತಾನೇ ಓಡತೊಡಗಿದ ಕೂಡಲೇ ನಮ್ಮ ಆ ಒಬ್ಬ ಹೆಚ್ಚಿನವನ ಲಾಭ ಹೋಯಿತು. ಆಪ್ಷನ್‌ನಲ್ಲಿ ಇದಕ್ಕೂ ಮೀರಿದ ಜಾಣತನವಿದೆ. ನಮ್ಮ ಕಡೆಯ ಒಬ್ಬನನ್ನು ಅವರು ಬೇಕೆಂದೇ ಯಾರೂ ಬ್ಲಾಕ್ ಮಾಡದೆ ಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಅವನ ಮೇಲೆ ಕಣ್ಣಿಟ್ಟಿರುತ್ತಾನೆ. ಅವನು ಓಟಗಾರನ ಮೇಲೆ ನುಗ್ಗಿದರೆ ಚೆಂಡು ಕ್ವಾರ್ಟರ್‌ಬ್ಯಾಕ್ ಬಳಿಯೇ ಉಳಿಯುತ್ತದೆ; ಕ್ವಾರ್ಟರ್‌ಬ್ಯಾಕ್ ಕಡೆಗೆ ಬಂದರೆ ಓಟಗಾರನ ಕೈ ಸೇರುತ್ತದೆ. ಅವನು ಏನು ಮಾಡಿದರೂ ತಪ್ಪು. ಅವನಿಗೆ ಖರ್ಚಾಗದೆ ಉಳಿದ ಬ್ಲಾಕರ್ ಹೋಗಿ ನಮ್ಮ ಲೈನ್‌ಬ್ಯಾಕರ್‌ನನ್ನು ತಡೆಯುತ್ತಾನೆ. 1941ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಕೋಚ್ ಡಾನ್ ಫಾರಟ್ ತಮ್ಮ ಸ್ಪ್ಲಿಟ್-ಟಿ ಆಟದಲ್ಲಿ ಇದನ್ನು ತಂದಾಗ, ಬಾಸ್ಕೆಟ್‌ಬಾಲ್‌ನಲ್ಲಿ ಇಬ್ಬರು ಸೇರಿ ಒಬ್ಬನನ್ನು ದಾಟುವ ರೀತಿಯೇ ಅವರಿಗೆ ಮಾದರಿಯಾಗಿತ್ತು.

ಟ್ರಿಪಲ್ ಆಪ್ಷನ್‌ನಲ್ಲಿ ಅಪಾಯ ಮೂರು ಕಡೆಯಿಂದ ಬರುತ್ತದೆ. ಮಧ್ಯದಲ್ಲಿ ನೇರ ನುಗ್ಗುವ ಫುಲ್‌ಬ್ಯಾಕ್, ಅವನ ಹಿಂದೆಯೇ ಪಕ್ಕಕ್ಕೆ ಓಡುವ ಕ್ವಾರ್ಟರ್‌ಬ್ಯಾಕ್, ಇನ್ನೂ ಹೊರಗೆ ಕ್ವಾರ್ಟರ್‌ಬ್ಯಾಕ್ ಎಸೆಯುವ ಪಿಚ್‌ಗಾಗಿ ಕಾಯುತ್ತ ಓಡುವ ಮೂರನೆಯವನು. ಇದಕ್ಕೆ ಹಳೆಯ ಕೋಚ್‌ಗಳು ಕಂಡುಕೊಂಡ ಮದ್ದು ಬಹಳ ಸರಳ: ಯಾರ ಪಾಲಿಗೆ ಯಾರು ಎಂದು ಮೊದಲೇ ಹಂಚಿಬಿಡುವುದು. ಫುಲ್‌ಬ್ಯಾಕ್ ಇವನಿಗೆ, ಕ್ವಾರ್ಟರ್‌ಬ್ಯಾಕ್ ಅವನಿಗೆ, ಪಿಚ್ ಇನ್ನೊಬ್ಬನಿಗೆ. ಹಂಚಿದ ಮೇಲೆ ಅದಲು ಬದಲು ಇಲ್ಲ. ಫುಲ್‌ಬ್ಯಾಕ್ ನಿಮ್ಮ ಮಗನ ಪಾಲಿಗೆ ಬಂದಿದ್ದರೆ, ಅವನ ಕೈಯಲ್ಲಿ ಚೆಂಡಿರಲಿ ಬಿಡಲಿ, ಪ್ರತಿ ಸಲವೂ ಅವನನ್ನು ಕೆಡವಬೇಕು. ಚೆಂಡು ಹಿಡಿದವನ ಹಾಗೆ ನಟಿಸುತ್ತ ಬರುವವನನ್ನು ಕೆಡವುವುದಕ್ಕೆ ನಿಯಮದ ಅಡ್ಡಿಯಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ; ಆಪ್ಷನ್‌ನಲ್ಲಿ ಕಣ್ಣಿಗೆ ಕಾಣುವುದನ್ನು ನಂಬಿದವನು ಕೆಟ್ಟ.

ಹದಿನಾರು ಹದಿನೇಳರ ಹುಡುಗನಿಗೆ ಇದು ಎಷ್ಟು ಕಷ್ಟ ಎಂದು ಸ್ವಲ್ಪ ಯೋಚಿಸಿ. ಚೆಂಡಿಲ್ಲದವನನ್ನು ಮತ್ತೆ ಮತ್ತೆ ಕೆಡವಬೇಕು. ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಮೈಕಿನಲ್ಲಿ ಹೆಸರು ಬರುವುದಿಲ್ಲ. ಐದಾರು ಸಲ ಹೀಗಾದ ಮೇಲೆ ಹುಡುಗನಿಗೆ ಬೇಸರ ಬಂದು, ಈ ಸಲ ಚೆಂಡು ಹೊರಗೆ ಹೋಗುತ್ತಿದೆ ಎಂದು ಅವನೂ ಹೊರಗೆ ಓಡುತ್ತಾನೆ. ಆಗಲೇ ಫುಲ್‌ಬ್ಯಾಕ್ ನಡುವಿನಿಂದ 40 ಗಜ ಓಡಿಬಿಡುವುದು. ಎದುರಿನ ಕೋಚ್ ಆಟದ ಮೊದಲಿನಿಂದ ಕಾಯುತ್ತಿದ್ದುದು ಆ ಒಂದು ಬೇಸರಕ್ಕೇ. ಅದಕ್ಕೆ ಚಪ್ಪಾಳೆಯನ್ನು ನೀವೇ ತಟ್ಟಿ. ಅವನ ಪಾಲಿನ ಕೆಲಸ ಯಾವುದು ಎಂದು ಮೊದಲೇ ಕೇಳಿ ತಿಳಿದುಕೊಂಡು, ಅದನ್ನು ಮಾಡಿದಾಗ ಗುರುತಿಸಿ. ಒಂದು ಕ್ವಾರ್ಟರ್ ಪೂರ್ತಿ ಚೆಂಡನ್ನು ಬಿಟ್ಟು ಮಗನನ್ನೇ ನೋಡಿ, ಆಟ ಬೇರೆಯೇ ಆಗಿ ಕಾಣುತ್ತದೆ. ಕೆಲವು ಕೋಚ್‌ಗಳು ಅಭ್ಯಾಸದಲ್ಲಿ ಚೆಂಡೇ ಇಲ್ಲದೆ ಆಪ್ಷನ್ ಓಡಿಸುತ್ತಾರೆ. ಚೆಂಡಿಲ್ಲದಿದ್ದರೆ ಪ್ರತಿಯೊಬ್ಬನೂ ತನ್ನ ಪಾಲಿನವನನ್ನೇ ಹಿಡಿಯಬೇಕಾಗುತ್ತದೆ. ಹುಚ್ಚಾಟವೆಂದು ಮನೆಯಲ್ಲಿ ಹಂಗಿಸಬೇಡಿ, ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ದೊಡ್ಡವರೂ ಇದನ್ನು ಕಷ್ಟಪಟ್ಟೇ ಕಲಿತರು. 1968ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯ ವಿಷ್‌ಬೋನ್ ಎಂಬ ಆಪ್ಷನ್ ಜೋಡಣೆ ತಂದು, ಸತತ 30 ಆಟ ಗೆದ್ದಿತು. ಆ ಸರಪಳಿ ಮುರಿದದ್ದು 1971ರ ಹೊಸವರ್ಷದ ದಿನ, ಕಾಟನ್ ಬೌಲ್‌ನಲ್ಲಿ. ನೋಟರ್ ಡೇಮ್‌ನ ಕೋಚ್ ಆರಾ ಪಾರ್ಸೇಗಿಯನ್ ತಮ್ಮ ಆಟಗಾರರನ್ನು ವಿಷ್‌ಬೋನ್‌ನ ಓಟಗಾರರಿಗೆ ಪ್ರತಿಬಿಂಬದ ಹಾಗೆ ಎದುರು ನಿಲ್ಲಿಸಿ 24-11ರಲ್ಲಿ ಗೆದ್ದರು. 1980ರ ದಶಕದಲ್ಲಿ ಮಯಾಮಿಯ ಜಿಮ್ಮಿ ಜಾನ್ಸನ್ ಬೇರೆ ದಾರಿ ಹಿಡಿದರು. ಸೇಫ್ಟಿಗಳಾಗಿದ್ದ ಹುಡುಗರನ್ನು ಲೈನ್‌ಬ್ಯಾಕರ್ ಮಾಡಿದರು, ಲೈನ್‌ಬ್ಯಾಕರ್‌ಗಳನ್ನು ಎಂಡ್ ಮಾಡಿದರು. ತೂಕ ಕಡಿಮೆಯಾದರೂ ಪರವಾಗಿಲ್ಲ, ಕಾಲು ಚುರುಕಾಗಿರಲಿ ಎಂಬುದು ಅವರ ಲೆಕ್ಕ. ಆಪ್ಷನ್‌ಗೆ ಹೆಸರಾದ ಓಕ್ಲಹೋಮವನ್ನು 1985, 1986, 1987 ಮೂರೂ ಸೀಸನ್‌ಗಳಲ್ಲಿ ಸೋಲಿಸಿದರು. ನಿಮ್ಮ ಮಗ ಮೈಕಟ್ಟಿನಲ್ಲಿ ಸಣ್ಣವನೆಂದು ಕೊರಗುವವರು ಇದನ್ನು ನೆನಪಿಡಿ.

ಈಗಿನ ಹೈಸ್ಕೂಲುಗಳಲ್ಲಿ ಹೆಚ್ಚಾಗಿ ಕಾಣುವುದು ಜೋನ್ ರೀಡ್. ಕ್ವಾರ್ಟರ್‌ಬ್ಯಾಕ್ ಸ್ವಲ್ಪ ಹಿಂದೆ ನಿಂತು ಚೆಂಡು ಪಡೆದು, ಪಕ್ಕದ ಓಟಗಾರನ ಹೊಟ್ಟೆಗೆ ಅದನ್ನು ಒಡ್ಡುತ್ತ, ಕೊನೆಯಲ್ಲಿ ನಿಂತ ನಮ್ಮ ಎಂಡ್‌ನ ಮೇಲೆ ಕಣ್ಣಿಡುತ್ತಾನೆ. 1990ರ ದಶಕದಲ್ಲಿ ಗ್ಲೆನ್‌ವಿಲ್ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ರಿಚ್ ರಾಡ್ರಿಗೆಜ್ ಇದನ್ನು ಬೆಳೆಸಿದರು. ಇಲ್ಲಿ ಎಂಡ್ ಆಗಿ ಆಡುವ ಹುಡುಗನಿಗೆ ಒಂದೇ ಕಿವಿಮಾತು: ಆತುರಗಾರನಿಗೆ ಬುದ್ಧಿ ಮಟ್ಟ. ಯಾರೂ ತಡೆಯುತ್ತಿಲ್ಲವೆಂದು ಖುಷಿಯಿಂದ ನುಗ್ಗಬಾರದು. ತಡೆಯದೆ ಬಿಟ್ಟಿದ್ದಾರೆ ಎಂದರೆ ನಿನ್ನನ್ನೇ ನೋಡುತ್ತಿದ್ದಾರೆ ಎಂದರ್ಥ ಎಂದು ಅವನಿಗೆ ತಿಳಿಸಿ. ಭುಜಗಳು ನೇರವಾಗಿರಲಿ, ಮೊಣಕಾಲು ಬಾಗಿರಲಿ, ಪಾದಗಳು ಅಡ್ಡಡ್ಡವಾಗಿ ಸಣ್ಣ ಸಣ್ಣ ಹೆಜ್ಜೆ ಇಡಲಿ. ನಿರ್ಧಾರ ತಡವಾದಷ್ಟೂ ಕ್ವಾರ್ಟರ್‌ಬ್ಯಾಕ್‌ಗೆ ಕಷ್ಟ, ಅಷ್ಟರಲ್ಲಿ ನಮ್ಮ ಉಳಿದವರು ಬಂದು ಸೇರುತ್ತಾರೆ. ಕಬಡ್ಡಿ ಆಡಿದ ಅಪ್ಪಂದಿರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಮೂಲೆಯಲ್ಲಿ ನಿಂತವನು ಒಂಟಿಯಾಗಿ ಮೊದಲೇ ಹಾರಿದರೆ ರೈಡರ್ ಮುಟ್ಟಿ ಹೋಗುತ್ತಾನೆ, ಕಾದು ಸರಪಳಿಯೊಡನೆ ಮುಚ್ಚಿಕೊಂಡರೆ ಅವನೇ ಸಿಕ್ಕಿಬೀಳುತ್ತಾನೆ.

ಆದರೆ ಎಲ್ಲ ಸಲವೂ ಹೀಗೇ ಕಾಯುತ್ತಿದ್ದರೆ ಕ್ವಾರ್ಟರ್‌ಬ್ಯಾಕ್‌ಗೆ ಅದೂ ರೂಢಿಯಾಗುತ್ತದೆ. ಆಗ ಕೋಚ್‌ಗಳು ಸ್ಕ್ರೇಪ್ ಎಕ್ಸ್‌ಚೇಂಜ್ ತೆಗೆಯುತ್ತಾರೆ. ಎಂಡ್ ಬೇಕೆಂದೇ ಓಟಗಾರನ ಮೇಲೆ ನುಗ್ಗುತ್ತಾನೆ. ಅದನ್ನು ಕಂಡು ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಳೆದುಕೊಂಡು ಹೊರಗೆ ಓಡುತ್ತಾನೆ. ಒಳಗಿದ್ದ ಲೈನ್‌ಬ್ಯಾಕರ್ ಅಷ್ಟರಲ್ಲಿ ಎಂಡ್‌ನ ಹಿಂದಿನಿಂದ ಸುತ್ತಿ ಬಂದು ಅಲ್ಲೇ ನಿಂತಿರುತ್ತಾನೆ. ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರಬೇಕು. ಇದರಲ್ಲಿ ಇಬ್ಬರೂ ಒಟ್ಟಿಗೆ ಮಾತು ಉಳಿಸಿಕೊಳ್ಳಬೇಕು. ಎಂಡ್ ನುಗ್ಗಿ ಲೈನ್‌ಬ್ಯಾಕರ್ ಬಾರದಿದ್ದರೆ ಬಾಗಿಲು ತೆರೆದಿಟ್ಟಂತೆ. ಇಂಥ ಕಡೆ ತಪ್ಪು ಯಾರದೆಂದು ಗ್ಯಾಲರಿಯಿಂದ ತೀರ್ಪು ಕೊಡಬೇಡಿ, ಅದು ಕೋಚ್‌ಗೂ ಹುಡುಗರಿಗೂ ಮಾತ್ರ ಗೊತ್ತು.

ಕಾರ್ನರ್‌ಬ್ಯಾಕ್, ಸೇಫ್ಟಿ ಆಡುವ ಹುಡುಗರ ಕಣ್ಣಿಗೂ ಸ್ವಲ್ಪ ಕಡಿವಾಣ ಬೇಕು. ಕ್ವಾರ್ಟರ್‌ಬ್ಯಾಕ್ ಓಡುತ್ತಾನೆಂದು ಹೆದರಿ ಎಲ್ಲರೂ ಮುಂದಕ್ಕೆ ಓಡಿಬಂದರೆ ತಲೆಯ ಮೇಲಿಂದ ಪಾಸ್ ಹೋಗುತ್ತದೆ. 2013ರ ಜನವರಿಯ ಎನ್‌ಎಫ್‌ಎಲ್ ಪ್ಲೇಆಫ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ವಾರ್ಟರ್‌ಬ್ಯಾಕ್ ಕಾಲಿನ್ ಕೇಪರ್ನಿಕ್ ಗ್ರೀನ್ ಬೇ ವಿರುದ್ಧ 181 ಗಜ ಓಡಿದರು. ಬೇಸಿಗೆಗೆ ಮೊದಲೇ ಗ್ರೀನ್ ಬೇ ಕೋಚ್‌ಗಳು ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯಕ್ಕೆ ಹೋಗಿ ಈ ಆಟವನ್ನು ಅಭ್ಯಾಸ ಮಾಡಿ ಬಂದರು. ಕಾಲೇಜಿನವರಿಂದ ಕಲಿಯಲು ಅವರಿಗೆ ನಾಚಿಕೆಯಾಗಲಿಲ್ಲ, ಅದು ನನಗೆ ಮೆಚ್ಚುಗೆ. ಸೆಪ್ಟೆಂಬರ್‌ನಲ್ಲಿ ಮತ್ತೆ ಎದುರಾದಾಗ ಕೇಪರ್ನಿಕ್ ಓಡಿದ್ದು ಬರೀ 22 ಗಜ. ಆದರೆ ಪಾಸ್‌ನಲ್ಲಿ 412 ಗಜ ಗಳಿಸಿ 34-28ರಲ್ಲಿ ಗೆದ್ದರು. ಓಟ ನಿಲ್ಲಿಸಿದ್ದಾಯಿತು ಎಂದು ಡಿಫೆನ್ಸ್ ಎಂದೂ ನಿರಾಳವಾಗುವಂತಿಲ್ಲ. ಪ್ರತಿ ಆಟಗಾರನನ್ನೂ ಬೆನ್ನುಹತ್ತಿ ಕಾಯುವ ಮ್ಯಾನ್ ಕವರೇಜ್‌ನಲ್ಲಿ ನಮ್ಮ ಹುಡುಗರ ಬೆನ್ನು ಕ್ವಾರ್ಟರ್‌ಬ್ಯಾಕ್ ಕಡೆಗಿರುತ್ತದೆ, ಅವನು ಓಡಿದ್ದೇ ತಿಳಿಯುವುದಿಲ್ಲ. ಹಾಗಾಗಿ ಓಡುವವನ ಎದುರು ಅನೇಕ ಕೋಚ್‌ಗಳು ಜಾಗ ಹಂಚಿಕೊಂಡು ಕಾಯುವ ಜೋನ್ ಕವರೇಜ್‌ಗೆ ಮೊರೆಹೋಗುತ್ತಾರೆ; ಕಣ್ಣು ಮುಂದಿರುತ್ತದೆ.

ಜಿಮ್ಮಿ ಜಾನ್ಸನ್ನರ ವೇಗದ ಲೆಕ್ಕವನ್ನು ಇನ್ನೂ ದೂರ ಒಯ್ದವರಿದ್ದಾರೆ. 2018ರ ಡಿಸೆಂಬರ್‌ನಲ್ಲಿ ಬಾಲ್ಟಿಮೋರ್‌ನ ಲಮಾರ್ ಜಾಕ್ಸನ್ ಎದುರು 22-10ರಲ್ಲಿ ಸೋತಿದ್ದ ಚಾರ್ಜರ್ಸ್ ತಂಡ, ಎರಡು ವಾರ ಕಳೆದು ಪ್ಲೇಆಫ್‌ನಲ್ಲಿ ಲೈನ್‌ಬ್ಯಾಕರ್‌ಗಳನ್ನು ಕೂರಿಸಿ ಏಳು ಡಿಫೆನ್ಸಿವ್ ಬ್ಯಾಕ್‌ಗಳನ್ನು ಇಳಿಸಿ 23-17ರಲ್ಲಿ ಗೆದ್ದಿತು. ಆದರೂ ಜಾಕ್ಸನ್ ಮುಂದಿನ ವರ್ಷವೇ 1,206 ಗಜ ಓಡಿ ಕ್ವಾರ್ಟರ್‌ಬ್ಯಾಕ್‌ಗಳ ಹಳೆಯ ದಾಖಲೆ ಮುರಿದರು. ಒಂದು ಉಪಾಯ ಸದಾ ಕಾಲ ನಡೆಯುವುದಿಲ್ಲ.

ಇನ್ನು ಅಭ್ಯಾಸದ ಮಾತು. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಿಸಲೇಬೇಕು. ಆಪ್ಷನ್ ಆಡುವ ತಂಡ ಸೀಸನ್‌ನಲ್ಲಿ ಒಂದೋ ಎರಡೋ ಸಿಗುತ್ತದೆ. ಅದಕ್ಕೆ ತಯಾರಾಗಲು ಸಿಗುವುದು ಸೋಮವಾರದಿಂದ ಗುರುವಾರದವರೆಗಿನ ಅಭ್ಯಾಸ ಮಾತ್ರ. ಅದೇ ವಾರ ಕನ್ನಡ ಕೂಟದ ರಾಜ್ಯೋತ್ಸವದ ನಾಟಕದ ರಿಹರ್ಸಲ್ ಎಂದು ಹುಡುಗನನ್ನು ಎಳೆದುಕೊಂಡು ಹೋಗಬೇಡಿ. ನಾಟಕವೂ ಬೇಕು, ಕನ್ನಡವೂ ಬೇಕು, ಆದರೆ ದಿನ ಹೊಂದಿಸಿಕೊಳ್ಳಿ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಶುಕ್ರವಾರ ಮೈದಾನದಲ್ಲಿ ಪಾಲು ಹಂಚಿಕೊಳ್ಳಲು ಆಗುವುದಿಲ್ಲ. ದೊಡ್ಡ ತಂಡಗಳನ್ನೂ ಈ ಆಟ ಹೇಗೆ ಕಾಡುತ್ತದೆ ಎಂದು ತಿಳಿಯಬೇಕಾದರೆ 2018ರ ಸೆಪ್ಟೆಂಬರ್ ನೆನೆಯಿರಿ. ಆಪ್ಷನ್ ಆಡುವ ಆರ್ಮಿ ತಂಡ ಓಕ್ಲಹೋಮದ ಅಂಗಳದಲ್ಲಿ 60 ನಿಮಿಷಗಳ ಆಟದಲ್ಲಿ ಸುಮಾರು 44 ನಿಮಿಷ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡಿತು. ಓಕ್ಲಹೋಮ ಗೆದ್ದದ್ದು ಹೆಚ್ಚುವರಿ ಅವಧಿಯಲ್ಲಿ, 28-21ರಿಂದ. ಮೂರು ಗಜ, ನಾಲ್ಕು ಗಜ ಎಂದು ಆಪ್ಷನ್ ತಂಡದವರು ಮೆಲ್ಲನೆ ಕೊರೆಯುತ್ತಾರೆ. ಮೊದಲ ಡೌನ್‌ನಲ್ಲೇ ಒಂದು ಗಜಕ್ಕೆ ನಿಲ್ಲಿಸಿದರೆ ಅವರ ಲೆಕ್ಕ ತಪ್ಪುತ್ತದೆ, ಇಷ್ಟವಿಲ್ಲದಿದ್ದರೂ ಪಾಸ್ ಎಸೆಯಬೇಕಾಗುತ್ತದೆ. ಮಗ ಮೊದಲ ಡೌನ್‌ನಲ್ಲಿ ಒಳ್ಳೆಯ ಕೆಲಸ ಮಾಡಿದರೆ ಅದಕ್ಕೆ ಕೂಗಿ, ಗಂಟಲು ಹರಿಯುವ ಹಾಗೆ ಕೂಗಿ.

ಟ್ಯಾಕಲ್ ಮಾಡುವಾಗ ಹಾರಿ ಕೈ ಬೀಸುವ ಚಾಳಿ ಬಿಡಿಸಿ. ಓಡುವ ಕ್ವಾರ್ಟರ್‌ಬ್ಯಾಕ್ ಎದುರು ಸಿಕ್ಕಾಗ ಕೊನೆಯ ಎರಡು ಮೂರು ಹೆಜ್ಜೆ ಸಣ್ಣದಾಗಿಸಿ, ಅವನ ಸೊಂಟವನ್ನು ನೋಡಬೇಕು. ತಲೆ, ಭುಜ, ಕಣ್ಣು ಎಲ್ಲ ಸುಳ್ಳು ಹೇಳುತ್ತವೆ, ಸೊಂಟ ಹೇಳುವುದಿಲ್ಲ. ಇಲ್ಲದಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಪ್ರತಿ ಸಲ ಪೆಟ್ಟು ಕೊಟ್ಟು ಸುಸ್ತು ಮಾಡಿಸಿ ಎಂದು ಕೆಲವರು ಹೇಳಿಕೊಡುತ್ತಾರೆ. ಅವನು ಓಟಗಾರನಾಗಿರುವವರೆಗೆ ಅದು ನ್ಯಾಯವೇ. ಚೆಂಡು ಕೊಟ್ಟು ಕೈಬಿಟ್ಟು ಸುಮ್ಮನೆ ನಿಂತವನ ಮೇಲೆ ಬಿದ್ದರೆ ಪೆನಾಲ್ಟಿ ಹೌದು, ಅದಕ್ಕಿಂತ ಮುಖ್ಯವಾಗಿ ಅವನೂ ಒಬ್ಬ ತಾಯಿಯ ಮಗ.

ಆಪ್ಷನ್ ತಂಡಗಳು ಸೊಂಟದ ಕೆಳಗೆ ಬಂದು ಬ್ಲಾಕ್ ಮಾಡುವುದರಲ್ಲಿ ಪಳಗಿದವು. ಸೊಂಟದ ಕೆಳಗಿನ ಬ್ಲಾಕನ್ನು 2022ರಲ್ಲಿ ಕಾಲೇಜು ಆಟದಲ್ಲಿ ಲೈನಿನ ಹತ್ತಿರದ ಸಣ್ಣ ಜಾಗಕ್ಕೆ ಸೀಮಿತಗೊಳಿಸಿದರು; ಹೈಸ್ಕೂಲ್ ಆಟದಲ್ಲೂ ಮಿತಿಗಳಿವೆ. ಆದರೂ ಕೈ ಮುಂದಿಟ್ಟು ಬ್ಲಾಕರ್‌ನ ಭುಜ ಒತ್ತಿ, ಕಾಲು ಹಿಂದಕ್ಕೆ ಎಳೆದುಕೊಳ್ಳುವುದನ್ನು ಮಗ ದಿನವೂ ಅಭ್ಯಾಸ ಮಾಡಲಿ. ತಲೆ ತಗ್ಗಿಸಿ ಹೆಲ್ಮೆಟ್ಟಿನಿಂದ ಗುದ್ದುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಮುಖ ಮೇಲಿರಲಿ, ತಾಗುವುದು ಭುಜವಾಗಿರಲಿ. ತಲೆಗೆ ಪೆಟ್ಟು ಬಿದ್ದು ಕಣ್ಣು ಮಂಜಾದರೆ, ವಾಕರಿಕೆ ಬಂದರೆ, ತಂಡಕ್ಕೆ ತೊಂದರೆಯಾಗುತ್ತದೆಂದು ಹುಡುಗರು ಬಚ್ಚಿಡುತ್ತಾರೆ. ಬಚ್ಚಿಡದೆ ಅಥ್ಲೆಟಿಕ್ ಟ್ರೈನರ್‌ಗೆ ಹೇಳುವುದನ್ನು ಮನೆಯಲ್ಲೇ ಕಲಿಸಿ. 2009ರಲ್ಲಿ ವಾಷಿಂಗ್ಟನ್ ರಾಜ್ಯ ತಲೆಗೆ ಪೆಟ್ಟು ಬಿದ್ದ ಹುಡುಗರ ರಕ್ಷಣೆಗೆ ಕಾನೂನು ತಂದಿತು, ಈಗ 50 ರಾಜ್ಯಗಳಲ್ಲೂ ಇಂಥ ಕಾನೂನಿದೆ. ವೈದ್ಯರು ಒಪ್ಪುವವರೆಗೆ ಅವನು ಮೈದಾನಕ್ಕೆ ಇಳಿಯದಿರಲಿ, ಅದು ಸೀಸನ್‌ನ ಅತಿ ದೊಡ್ಡ ಆಟವಾಗಿದ್ದರೂ ಸರಿ.