ಕಂಪ್ಲಿಯಲ್ಲಿ ನೆಟ್ ಹೋದರೆ ಹೊಸಪೇಟೆಗೆ ಹೇಗೆ ಗೊತ್ತಾಗಬೇಕು?

ಮಳೆಗಾಲ ಬಂತೆಂದರೆ ನಮ್ಮ ಹೊಸಪೇಟೆ ಕಡೆಯ ಜನ ಬೆಳಿಗ್ಗೆ ಮೊದಲು ಕೇಳೋದು ಡ್ಯಾಮಿನ ಲೆಕ್ಕ. ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯುಸೆಕ್, ಹೊರಹರಿವು ಎಷ್ಟು. ಪೂರ್ಣ ಮಟ್ಟ 1,633 ಅಡಿ ಅನ್ನೋದು ಚಹಾ ಅಂಗಡಿಯಲ್ಲಿ ಕೂತವರಿಗೂ ಬಾಯಿಪಾಠ. ನೆಟ್‌ವರ್ಕ್ ಮಾನಿಟರಿಂಗ್ ಅಂದರೂ ಹೆಚ್ಚುಕಡಿಮೆ ಇದೇ ಕೆಲಸ. ರೂಟರಿನ ಒಂದೊಂದು ಪೋರ್ಟಿಗೂ ಒಳಹರಿವು, ಹೊರಹರಿವು ಇರುತ್ತದೆ. ಮಟ್ಟದ ಜಾಗದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಇರುತ್ತವೆ. ಒಂದು ಗಡಿ ದಾಟಿದರೆ ಯಾರಿಗಾದರೂ ಸುದ್ದಿ ಹೋಗಬೇಕು.

ಆದರೆ 2024ರ ಆಗಸ್ಟ್ 10ರ ರಾತ್ರಿಯನ್ನೂ ನಾವು ಮರೆಯುವ ಹಾಗಿಲ್ಲ. ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ, ಗೇಟೇ ಕೊಚ್ಚಿಹೋಯಿತು. ಮಟ್ಟ, ಒಳಹರಿವು, ಹೊರಹರಿವು ಈ ಮೂರೇ ಅಂಕಿಗಳನ್ನು ನೋಡುವವರಿಗೆ ಒಂದು ಚೈನಿನ ಸ್ಥಿತಿ ತಿಳಿಯುವುದಿಲ್ಲ. ಸಾಫ್ಟ್‌ವೇರ್ ಆರಿಸಲು ಕೂತಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇಲ್ಲೇ ಇದೆ: ನಮ್ಮ ವ್ಯವಸ್ಥೆಯಲ್ಲಿ ಆ ಚೈನ್ ಯಾವುದು? ಅದನ್ನು ಈ ಸಾಫ್ಟ್‌ವೇರ್ ನೋಡುತ್ತದಾ?

ಪಾಠಕ್ಕೆ ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಹೊಸಪೇಟೆಯಲ್ಲಿ ಮುಖ್ಯ ಕಚೇರಿ ಇರುವ ಒಂದು ಪತ್ತಿನ ಸಹಕಾರ ಸಂಘ. ಕಂಪ್ಲಿ, ಸಂಡೂರು, ಹಂಪಿ ಹತ್ತಿರದ ಕಮಲಾಪುರ, ಹೀಗೆ ಮೂರು ಶಾಖೆ. ಎಲ್ಲ ಸೇರಿ 24 ಪೋರ್ಟಿನ 10 ಸ್ವಿಚ್ಚು, 4 ರೂಟರ್, ಎರಡು ಸರ್ವರ್. ಐಟಿ ತಂಡ ಅಂದರೆ ಇಬ್ಬರೇ, ಅದರಲ್ಲಿ ಒಬ್ಬರು ಪ್ರಿಂಟರ್ ಟೋನರನ್ನೂ ಬದಲಾಯಿಸುವವರು. ಕಂಪ್ಲಿ ಶಾಖೆಯಲ್ಲಿ ಭತ್ತ ಮಾರಿದ ದುಡ್ಡು ತೆಗೆಯಲು ರೈತರು ಸಾಲಿನಲ್ಲಿ ನಿಂತಿದ್ದಾರೆ, ಕೌಂಟರಿನಲ್ಲಿ "ನೆಟ್ ಇಲ್ರೀ, ಮಧ್ಯಾಹ್ನ ಬರ್ರಿ" ಅನ್ನುತ್ತಾರೆ. ಈ ಮಾತು ಹೊಸಪೇಟೆಗೆ ಫೋನ್ ಮೂಲಕ ಬರುವ ಮುಂಚೆಯೇ ತಂಡಕ್ಕೆ ಗೊತ್ತಾಗಿರಬೇಕು. ಬೇಕಾಗಿರೋದು ಇಷ್ಟೇ.

ಇಂಥ ತಂಡ ಸಾಮಾನ್ಯವಾಗಿ ಪಿಂಗ್‌ನಿಂದ ಶುರು ಮಾಡುತ್ತದೆ. ಮೈಕ್ ಮೂಸ್ 1983ರಲ್ಲಿ ಬರೆದ ಆ ಪುಟ್ಟ ಪ್ರೋಗ್ರಾಂ ಈಗಲೂ ಎಲ್ಲ ಸಾಫ್ಟ್‌ವೇರಿನ ಮೊದಲ ಮೆಟ್ಟಿಲು. ಆದರೆ ಪಿಂಗ್ ಹೇಳುವುದು ರೂಟರ್ ಜೀವಂತ ಇದೆ ಅಂತ ಮಾತ್ರ. ರೂಟರ್ ಉತ್ತರ ಕೊಡುತ್ತಿರುತ್ತದೆ, ಪರದೆಯ ಮೇಲೆ ಹಸಿರು ದೀಪ, ಆದರೂ ಡಿಎನ್‌ಎಸ್ ಕೆಟ್ಟು ಕೌಂಟರಿನಲ್ಲಿ ಒಂದು ಎಂಟ್ರಿಯೂ ಆಗುತ್ತಿರುವುದಿಲ್ಲ. ನಮ್ಮ ಚೈನ್ ಇದೇ. ಹಾಗಾಗಿ ಶಾಖೆಯ ಒಳಗಿನಿಂದಲೇ ಹೆಸರು ಹುಡುಕಿ, ಲಾಗಿನ್ ಪುಟ ತೆರೆದು, ಎಷ್ಟು ಸೆಕೆಂಡು ಹಿಡಿಯಿತು ಅಂತ ಅಳೆಯುವ ಸೌಲಭ್ಯ ಇದೆಯೇ ಎಂದು ನೋಡಬೇಕು. ಬಣ್ಣಬಣ್ಣದ ಡ್ಯಾಶ್‌ಬೋರ್ಡು ಆಮೇಲೆ.

ಎರಡನೆಯ ಮೆಟ್ಟಿಲು ಎಸ್‌ಎನ್‌ಎಂಪಿ. 1988ರಿಂದ ಬಳಕೆಯಲ್ಲಿರುವ ಈ ಪ್ರೋಟೋಕಾಲ್ ಮೂಲಕ ಸ್ವಿಚ್ಚನ್ನು "ನಿನ್ನ 5ನೇ ಪೋರ್ಟಿನಲ್ಲಿ ಇಲ್ಲಿಯವರೆಗೆ ಎಷ್ಟು ಬೈಟ್ ಹೋಗಿದೆ?" ಎಂದು ಕೇಳಬಹುದು. ಅದು ವೇಗ ಹೇಳುವುದಿಲ್ಲ, ಸ್ಕೂಟರಿನ ಓಡೋಮೀಟರ್ ಥರ ಒಟ್ಟು ಲೆಕ್ಕ ಕೊಡುತ್ತದೆ. ಎರಡು ಸಲ ಕೇಳಿ, ಕಳೆದು, ಸಮಯದಿಂದ ಭಾಗಿಸಿದರೆ ವೇಗ. ಹಳೆಯ ಕೌಂಟರ್ 32 ಬಿಟ್‌ನದು. ಅದರಲ್ಲಿ ಹಿಡಿಸುವುದು ಸುಮಾರು 429 ಕೋಟಿ ಬೈಟ್. 1 ಗಿಗಾಬಿಟ್ ಲಿಂಕ್ ತುಂಬಿ ಹರಿದರೆ 34 ಸೆಕೆಂಡಿಗೆ ಅದು ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನೀವು ನಿಮಿಷಕ್ಕೊಮ್ಮೆ ಕೇಳುತ್ತಿದ್ದರೆ ಒಂದು ಸುತ್ತು ಕೈತಪ್ಪಿ, ಗ್ರಾಫ್ ಸುಳ್ಳು ಹೇಳುತ್ತದೆ. ಅದಕ್ಕೆ 64 ಬಿಟ್ ಕೌಂಟರ್ ಓದುವಂತೆ ಹೊಂದಿಸಿರಬೇಕು. ವೈವಾದಲ್ಲಿ ಕೇಳಿದರೆ ನಮ್ಮನ್ನು ನೆನೆಸಿಕೊಳ್ಳಿ.

ಈಗ ಮಾರುಕಟ್ಟೆಯಲ್ಲಿ ಇರುವವರ ಕಡೆ ಬರೋಣ. ನಾಗಿಯೋಸ್ 1999ರದು, ಈಗಲೂ ಓಡುತ್ತದೆ, ಆದರೆ ಎಲ್ಲವನ್ನೂ ಟೆಕ್ಸ್ಟ್ ಫೈಲಿನಲ್ಲಿ ಬರೆಯಬೇಕು. ಇಬ್ಬರೇ ಇರುವ ತಂಡಕ್ಕೆ ನಾವು ಹೇಳುವುದಿಲ್ಲ. ಲಿಬ್ರೆಎನ್‌ಎಂಎಸ್ ಸ್ವಿಚ್ಚನ್ನು ತಾನೇ ಗುರುತಿಸಿ ಎಲ್ಲ ಪೋರ್ಟಿಗೂ ಗ್ರಾಫ್ ಹಾಕಿಕೊಡುತ್ತದೆ, ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಹಾಕಿದ ಹಾಗೇ ಬಿಟ್ಟರೆ ಅದು 5 ನಿಮಿಷಕ್ಕೊಮ್ಮೆ ಕೇಳುವುದು. ಎರಡು ನಿಮಿಷ ಹೋಗಿ ಬಂದ ಲಿಂಕ್ ಕಣ್ಣಿಗೇ ಬೀಳದೆ ಹೋಗಬಹುದು. ಪ್ರೊಮಿಥಿಯಸ್ 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯೊಳಗೆ ಹುಟ್ಟಿದ್ದು, ಸರ್ವರ್ ಮತ್ತು ಕಂಟೇನರುಗಳಿಗೆ ಬಹಳ ಚೆನ್ನ. ಸ್ವಿಚ್ಚುಗಳಿಗೆ ಬೇರೆ ಎಕ್ಸ್‌ಪೋರ್ಟರ್ ಬೇಕು. ಪ್ಲೇಸ್‌ಮೆಂಟ್‌ಗೆ ಕಲಿಯಿರಿ, ಈ ಸಂಘಕ್ಕೆ ಹಾಕಬೇಡಿ. ಪಿಆರ್‌ಟಿಜಿ ವಿಂಡೋಸ್ ಮೇಲೆ ಓಡುತ್ತದೆ, ಸುಲಭ, 100 ಸೆನ್ಸರ್‌ವರೆಗೆ ಉಚಿತ. ಒಂದು ಪೋರ್ಟಿನ ಟ್ರಾಫಿಕ್ ಅಂದರೆ ಒಂದು ಸೆನ್ಸರ್. ನಮ್ಮ ಸಂಘದ 240 ಪೋರ್ಟನ್ನೂ ಹಾಕಿದರೆ ದುಡ್ಡು ಕಟ್ಟಬೇಕು. ಆದರೆ ಮೇಜಿನ ಕೆಳಗಿನ ಪೋರ್ಟನ್ನು ಯಾಕೆ ನೋಡಬೇಕು? ಅಪ್‌ಲಿಂಕ್‌ಗಳು, ರೂಟರ್, ಸರ್ವರ್, ಯುಪಿಎಸ್ ಇಷ್ಟನ್ನೇ ಆರಿಸಿಕೊಂಡರೆ ನೂರರೊಳಗೆ ಮುಗಿಸಬಹುದು.

ಜ್ಯಾಬಿಕ್ಸ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಯಾಕಂದರೆ ನಮ್ಮ ಒಲವು ಆ ಕಡೆ. ಅದರಲ್ಲಿ ಪ್ರಾಕ್ಸಿ ಅಂತ ಒಂದಿದೆ. ಸಂಡೂರಿನ ಶಾಖೆಯಲ್ಲಿ ಒಂದು ಸಣ್ಣ ಪೆಟ್ಟಿಗೆಯಲ್ಲಿ ಅದನ್ನು ಕೂರಿಸಿದರೆ ಅದು ಅಲ್ಲಿನ ಉಪಕರಣಗಳನ್ನು ತಾನೇ ಕೇಳಿ, ಉತ್ತರವನ್ನು ಹೊಸಪೇಟೆಗೆ ಕಳಿಸುತ್ತದೆ. ರಸ್ತೆ ಅಗೆಯುವಾಗ ಫೈಬರ್ ತುಂಡಾದರೆ ಅಂಕಿಗಳನ್ನು ತನ್ನಲ್ಲೇ ಇಟ್ಟುಕೊಂಡು ಲಿಂಕ್ ಬಂದ ಮೇಲೆ ಕೊಡುತ್ತದೆ. ಡಿಫಾಲ್ಟ್ ಅವಧಿ ಒಂದೇ ಗಂಟೆ. ನಮ್ಮ ಕಡೆ ಫೈಬರ್ ಒಂದು ಗಂಟೆಯಲ್ಲಿ ಜೋಡಣೆಯಾಗುತ್ತದೆ ಎಂದು ನಂಬುವವರು ಹಾಗೇ ಬಿಡಬಹುದು, ಉಳಿದವರು 24 ಗಂಟೆ ಮಾಡಿಕೊಳ್ಳಿ. ಜಾಗದ ಲೆಕ್ಕವೂ ಹಾಕಿ: 240 ಪೋರ್ಟು, ಒಂದಕ್ಕೆ 6 ಅಂಕಿ, ನಿಮಿಷಕ್ಕೊಮ್ಮೆ ಅಂದರೆ ಸೆಕೆಂಡಿಗೆ 24. ದಿನಕ್ಕೆ 20,73,600. ಒಂದಕ್ಕೆ ಸುಮಾರು 90 ಬೈಟ್ ಹಿಡಿದರೆ ದಿನಕ್ಕೆ 187 ಎಂಬಿ, 90 ದಿನಕ್ಕೆ 17 ಜಿಬಿ. ಹಳೆಯ ಡೆಸ್ಕ್‌ಟಾಪ್ ಸಾಕು. ಇದಕ್ಕೆ ಲಕ್ಷಗಟ್ಟಲೆ ಸರ್ವರ್ ಬೇಕು ಅನ್ನುವ ಕೊಟೇಶನ್ ಬಂದರೆ ಈ ಲೆಕ್ಕ ತೋರಿಸಿ.

ಅಲಾರಂ ವಿಷಯದಲ್ಲಿ ಮಾತ್ರ ಯಾವ ಬ್ರೋಶರನ್ನೂ ನಂಬಬೇಡಿ, ಕೈಯಾರೆ ಪರೀಕ್ಷಿಸಿ. ಎರಡು ವಾರ ಟ್ರಯಲ್ ಹಾಕಿ, ಒಂದು ಸಂಜೆ ಹೇಳಿ ಕೇಳಿ ಕಂಪ್ಲಿಯ ರೂಟರಿನ ಕೇಬಲ್ ಕಿತ್ತು ನೋಡಿ. ಆ ಶಾಖೆಯಲ್ಲಿ 30 ಉಪಕರಣ ಇದ್ದರೆ 30 ಮೆಸೇಜು ಬರುತ್ತವೋ, ಅಥವಾ "ಕಂಪ್ಲಿ ಲಿಂಕ್ ಹೋಗಿದೆ" ಎಂದು ಒಂದೇ ಬರುತ್ತದೋ? ಯಾವುದು ಯಾವುದರ ಹಿಂದೆ ಇದೆ ಎಂಬ ಅವಲಂಬನೆಯನ್ನು ನೀವೇ ಹೇಳಿಕೊಡಬೇಕು, ಇಲ್ಲದಿದ್ದರೆ 30 ಬರುವುದು ಖಂಡಿತ. ರಾತ್ರಿ ಎರಡು ಗಂಟೆಗೆ 30 ಸಲ ಕಿರುಚುವ ಫೋನನ್ನು ಮೂರನೆಯ ರಾತ್ರಿ ಯಾರಾದರೂ ಸೈಲೆಂಟ್ ಮಾಡುತ್ತಾರೆ. ನಾಲ್ಕನೆಯ ರಾತ್ರಿ ನಿಜವಾಗಿ ಡಿಸ್ಕ್ ಹೋಗುತ್ತದೆ. ಹಾಗೆಯೇ ಬಂದು ಹೋಗುವ ಲಿಂಕಿಗೆ ಎರಡು ಗಡಿ ಇಡಬೇಕು. ಮೂರು ಸಲ ಸತತ ತಪ್ಪಿದರೆ ಅಲಾರಂ, ಐದು ನಿಮಿಷ ಸತತ ಸರಿ ಇದ್ದರೆ ಮಾತ್ರ ಸರಿಯಾಯಿತು ಅನ್ನುವುದು. ಪ್ರತಿಯೊಂದು ಅಲಾರಂ ಬರೆಯುವಾಗ "ಇದು ಬಂದರೆ ಯಾರು ಎದ್ದು ಏನು ಮಾಡುತ್ತಾರೆ?" ಅಂತ ಪಕ್ಕದಲ್ಲಿ ಬರೆಯಿರಿ. ಉತ್ತರ ಇಲ್ಲದಿದ್ದರೆ ಅದು ಗ್ರಾಫ್ ಆಗಿರಲಿ, ಅಲಾರಂ ಬೇಡ.

ಹೊಸಪೇಟೆಯ ಇಂಟರ್ನೆಟ್ಟೇ ಹೋದರೆ? ಇಮೇಲ್ ಅಲಾರಂ ಆ ಹೋದ ಲಿಂಕಿನಲ್ಲೇ ಹೊರಡಬೇಕು. ಸಿಮ್ ಹಾಕಿದ ಜಿಎಸ್‌ಎಂ ಮೋಡೆಮ್‌ನಿಂದ ಎಸ್‌ಎಂಎಸ್ ಹೋಗುವಂತೆ ಇಡಿ. ಕಮಲಾಪುರದ ಶಾಖೆಗೆ ವೈರ್‌ಲೆಸ್ ಲಿಂಕ್ ಇದ್ದರೆ ಸಿಗ್ನಲ್ ಬಲವನ್ನೂ ಅಳೆಯಿರಿ. ಬಂಡೆಗುಡ್ಡಗಳ ನಡುವೆ ಆಂಟೆನಾ ಒಂದು ಗಾಳಿಗೆ ಸ್ವಲ್ಪ ತಿರುಗಿದರೂ ಬಲ ಇಳಿಯುವುದು ಅಲ್ಲಿ ಕಾಣುತ್ತದೆ, ಪಿಂಗ್ ಆಗ ಇನ್ನೂ ಹೋಗುತ್ತಲೇ ಇರುತ್ತದೆ.

ಇನ್ನು ಸುರಕ್ಷತೆ. ಎಲ್ಲ ಉಪಕರಣದ ಬೀಗದ ಕೈ ಒಂದೇ ಜಾಗದಲ್ಲಿ ಇರುವುದು ಈ ಸಾಫ್ಟ್‌ವೇರಿನಲ್ಲೇ. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ಕಳ್ಳರು ಒರಾಯನ್ ಎಂಬ ಮಾನಿಟರಿಂಗ್ ಸಾಫ್ಟ್‌ವೇರಿನ ಅಪ್‌ಡೇಟ್ ಒಳಗೇ ಸೇರಿಕೊಂಡಿದ್ದರು. ಸುಮಾರು 18,000 ಗ್ರಾಹಕರಿಗೆ ಆ ಅಪ್‌ಡೇಟ್ ತಲುಪಿತ್ತು. ಹಾಗಾಗಿ ಓದುವ ಅನುಮತಿ ಮಾತ್ರ ಕೊಡಿ, ಬರೆಯುವುದು ಬೇಡ. ಎಸ್‌ಎನ್‌ಎಂಪಿ ಮೂರನೇ ಆವೃತ್ತಿ ಬಳಸಿ. ಮೊದಲ ಎರಡರಲ್ಲಿ ಗುಪ್ತಪದ ಬಯಲಲ್ಲೇ ಹೋಗುತ್ತದೆ, ಎಷ್ಟೋ ಸ್ವಿಚ್ಚುಗಳಲ್ಲಿ ಅದು ಈಗಲೂ "ಪಬ್ಲಿಕ್" ಅಂತಲೇ ಇದೆ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆಯನ್ನು 6 ಗಂಟೆಯೊಳಗೆ ತಿಳಿಸಬೇಕು. ಮೇಲಿನ 90 ದಿನದ ಗ್ರಾಫ್ ಲಾಗ್ ಅಲ್ಲ, ಅದಕ್ಕೆ ಬೇರೆ ಸಿಸ್‌ಲಾಗ್ ಸರ್ವರ್ ಬೇಕು. ಎಲ್ಲ ಗಡಿಯಾರಗಳೂ ಒಂದೇ ಸಮಯ ತೋರಿಸಬೇಕು, ಇಲ್ಲದಿದ್ದರೆ ಯಾವುದು ಮೊದಲು ಕೆಟ್ಟಿತು ಅನ್ನೋದೇ ಬಗೆಹರಿಯುವುದಿಲ್ಲ.

ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಐದನೇ ಸೆಮಿಸ್ಟರಿನವರು ಲ್ಯಾಬಿನ ಒಂದು ಹಳೆಯ ಪಿಸಿಯಲ್ಲಿ ಜ್ಯಾಬಿಕ್ಸ್, ಇನ್ನೊಂದರಲ್ಲಿ ಲಿಬ್ರೆಎನ್‌ಎಂಎಸ್ ಹಾಕಿ, ಒಂದೇ ಸ್ವಿಚ್ಚನ್ನು ಎರಡರಿಂದಲೂ ನೋಡಿ, ಕೇಬಲ್ ಕಿತ್ತಾಗ ಯಾವುದರ ಸುದ್ದಿ ಎಷ್ಟು ಸೆಕೆಂಡಿಗೆ ಬಂತು ಅಂತ ಬರೆದಿಡಿ. ಲ್ಯಾಬ್ ಇನ್‌ಚಾರ್ಜ್ ಹತ್ತಿರ ಮೊದಲೇ ಒಪ್ಪಿಗೆ ತಗೊಳ್ಳಿ. ಕ್ಯಾಂಪಸ್ ನೆಟ್‌ವರ್ಕನ್ನು ಹೇಳದೆ ಕೇಳದೆ ಸ್ಕ್ಯಾನ್ ಮಾಡಿದರೆ ಮೊದಲ ಅಲಾರಂ ನಿಮ್ಮ ಹೆಸರಿನಲ್ಲೇ ಬರುತ್ತದೆ.