ಕಡಲಾಚೆಯ ಮಕ್ಕಳಿಗೆ ನಾಟಕ ಪಾಠ



ನಾಟಕ ಅಂದರೆ ಬಣ್ಣ ಹಚ್ಚಿ ಕುಣಿಯೋದು, ಓದುವ ಮಕ್ಕಳಿಗೆ ಅದೆಲ್ಲ ಯಾಕೆ ಎಂದು ನಮ್ಮಲ್ಲಿ ಅನೇಕರು ಕೇಳುವುದುಂಟು. ಆದರೆ ಸಂಬಳವಿಲ್ಲದೆ ಬೇರೆ ದೇಶಕ್ಕೆ ಹೋಗಿ ಬಡಮಕ್ಕಳಿಗೆ ನಾಟಕ ಕಲಿಸುವವರೂ ಇದ್ದಾರೆ. ಯಾಕಿರಬಹುದು? ಈ ಪಾಠದಲ್ಲಿ ತಿಳಿಯೋಣ.

ರಮ್ಮುಲೋಟ್ಸಿಯ ಮಕ್ಕಳು

ದಕ್ಷಿಣ ಆಫ್ರಿಕದ ಫ್ರೀ ಸ್ಟೇಟ್ ಪ್ರಾಂತ್ಯದಲ್ಲಿ ರಮ್ಮುಲೋಟ್ಸಿ ಎಂಬ ಊರಿದೆ. ವರ್ಣಭೇದದ ಆಡಳಿತದಲ್ಲಿ ಕಪ್ಪು ಜನರು ಪೇಟೆಯಿಂದ ಹೊರಗೆ, ಬೇರೆ ಬಡಾವಣೆಯಲ್ಲಿ ಇರಬೇಕಾಗಿತ್ತು. ಇದು ಅಂಥದ್ದೇ ಒಂದು ಬಡಾವಣೆ. 1994ರಲ್ಲಿ ಆ ಆಡಳಿತ ಹೋಯಿತು, ಬಡತನ ಹೋಗಲಿಲ್ಲ. ಏಡ್ಸ್‌ನಿಂದ ತಂದೆತಾಯಿಯನ್ನು ಕಳಕೊಂಡ ಮಕ್ಕಳು ಆ ದೇಶದಲ್ಲಿ ಬಹಳ.

2007ರಲ್ಲಿ ಆರಂಭವಾದ 'ಡ್ರಾಮಾಟಿಕ್ ನೀಡ್' ಎಂಬ ಬ್ರಿಟನ್ನಿನ ಸಂಸ್ಥೆ ನಟರು, ಸಂಗೀತಗಾರರು, ಚಿತ್ರಕಾರರನ್ನು ಸ್ವಯಂಸೇವಕರಾಗಿ ಇಲ್ಲಿಗೆ ಕಳುಹಿಸಿತು. ಜೀವನದಲ್ಲಿ ಮರೆಯಲಾಗದ ಒಂದು ದಿನದ ಬಗ್ಗೆ ಬರೆಯಿರಿ ಎಂದು ಮಕ್ಕಳಿಗೆ ಹೇಳಿದರು. ಮಕ್ಕಳು ಸಂತೋಷವನ್ನೂ ಬರೆದರು, ಮನೆಯವರ ಸಾವನ್ನೂ ಬರೆದರು, ದೌರ್ಜನ್ಯವನ್ನೂ ಬರೆದರು. 'ಸ್ಲಮ್‌ಡಾಗ್ ಮಿಲಿಯನೇರ್' ಸಿನಿಮಾದ ನಿರ್ದೇಶಕ ಡ್ಯಾನಿ ಬಾಯ್ಲ್ ಆ ಬರಹಗಳನ್ನು 2010ರಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಹೆಸರಾಂತ ನಟರಿಂದ ಆಡಿಸಿದರು. 2017ರಲ್ಲಿ ನ್ಯೂಯಾರ್ಕಿನಲ್ಲೂ ಪ್ರದರ್ಶನವಾಯಿತು. ಯಾರೂ ಕೇಳದಿದ್ದ ಮಕ್ಕಳ ಮಾತನ್ನು ದೊಡ್ಡವರು ಕುಳಿತು ಕೇಳಿದರು.

ನಾಟಕದಿಂದ ಏನು ಪ್ರಯೋಜನ?

"ನನಗೆ ಹೀಗಾಯಿತು" ಎಂದು ಬಾಯಿಬಿಟ್ಟು ಹೇಳಲು ಮಗು ಹೆದರುತ್ತದೆ. ಆದರೆ "ಈ ಪಾತ್ರಕ್ಕೆ ಹೀಗಾಯಿತು" ಎಂದು ಆಡಿ ತೋರಿಸಬಹುದು. ಪಾತ್ರದ ಮರೆಯಲ್ಲಿ ಧೈರ್ಯ ಬರುತ್ತದೆ. ತನ್ನ ಸರದಿಗೆ ಕಾಯುವುದು, ಇನ್ನೊಬ್ಬರ ಮಾತು ಕೇಳುವುದು ತಾನಾಗಿಯೇ ಬರುತ್ತದೆ.

ಕಲಿಸಲು ಹೋಗುವವರು ಗಮನಿಸಬೇಕಾದದ್ದು

1. ಮಕ್ಕಳ ಭಾಷೆಯಲ್ಲೇ ನಾಟಕ ಆಗಬೇಕು. ಫ್ರೀ ಸ್ಟೇಟಿನಲ್ಲಿ ಹೆಚ್ಚಿನವರ ಮನೆಮಾತು ಸೆಸೋಥೋ. ಅಂಥವರಿಗೆ ಇಂಗ್ಲಿಷ್ ನಾಟಕ ಬಾಯಿಪಾಠ ಮಾಡಿಸಿದರೆ ಮಗುವಿನ ಮಾತು ಹೊರಗೆ ಬರೋದಿಲ್ಲ.

2. ನೋವಿನ ಕಥೆ ಹೇಳು ಎಂದು ಒತ್ತಾಯಿಸಬಾರದು. ಒಪ್ಪಿಗೆಯಿಲ್ಲದೆ ಹೆಸರು, ಫೋಟೋ ಹೊರಗೆ ಕೊಡಬಾರದು. ಹಳೇ ಗಾಯ ಕೆದಕಿ ಬಿಟ್ಟು ಹೋದರೆ ಅದು ಸೇವೆಯಲ್ಲ.

3. ಹೋದವರು ಕೆಲವೇ ವಾರಗಳಲ್ಲಿ ಹೊರಡುತ್ತಾರೆ. ಹಚ್ಚಿಕೊಂಡ ಮಕ್ಕಳು ಅಳುತ್ತಾ ಉಳಿಯುತ್ತವೆ. ಆದ್ದರಿಂದ ಊರಿನ ಟೀಚರ್ ಜೊತೆಯಲ್ಲಿ ಕಲಿಯಬೇಕು. ಆಗ ಕೆಲಸ ಮುಂದುವರಿಯುತ್ತದೆ.

4. ಸೇವೆಗೆ ಬಂದವರೆಲ್ಲ ಒಳ್ಳೆಯವರೇ ಎಂದು ನಂಬಬಾರದು. ಅವರ ಪೂರ್ವಾಪರ ವಿಚಾರಿಸಬೇಕು. ಮಕ್ಕಳ ಜೊತೆ ಅವರೊಬ್ಬರನ್ನೇ ಬಿಡಬಾರದು.

ಬಂದವರು ಏನು ಕೊಟ್ಟರು ಎಂಬುದಕ್ಕಿಂತ, ಅವರು ಹೋದ ಮೇಲೆ ಮಕ್ಕಳಲ್ಲಿ ಏನು ಉಳಿಯಿತು ಎಂಬುದೇ ಮುಖ್ಯ.

ಸಭೆಯಲ್ಲಿ ಚರ್ಚಿಸಿ

• ನಮ್ಮ ಮಕ್ಕಳು ಮನಸ್ಸಿನ ಮಾತನ್ನು ಯಾರ ಹತ್ತಿರ ಹೇಳುತ್ತಾರೆ? ನಾವು ಕೇಳಿಸಿಕೊಳ್ಳುತ್ತೇವಾ?

• ಹೊರಗಿನವರು ಬಂದು ಮಕ್ಕಳಿಗೆ ಕಲಿಸುತ್ತೇವೆ ಅಂದರೆ, ತಾಯಂದಿರಾಗಿ ನಾವು ಮೊದಲು ಏನೇನು ಕೇಳಬೇಕು?