ಹುಸೇನ್ ಸಾಗರದ ಕೆಸರಿನ ನಿವಾಸಿಗಳು

ವಿದ್ಯಾರ್ಥಿಗಳೇ, ಟ್ಯಾಂಕ್ ಬಂಡ್ ಮೇಲೆ ನಿಂತು ಹುಸೇನ್ ಸಾಗರವನ್ನು ನೀವೆಲ್ಲರೂ ನೋಡಿರುವಿರಿ. ಕುತುಬ್‌ಶಾಹಿ ಅರಸನಾದ ಇಬ್ರಾಹಿಮನ ಕಾಲದಲ್ಲಿ, 1562ರ ಸುಮಾರಿಗೆ, ಕಟ್ಟಲ್ಪಟ್ಟ ಈ ಕೆರೆಯು ಹಿಂದೆ ನಗರಕ್ಕೆ ಕುಡಿಯುವ ನೀರನ್ನು ಒದಗಿಸುತ್ತಿದ್ದಿತು. ಅದರ ತಳದಲ್ಲಿ ವಾಸಿಸುವ ಜೀವಿಗಳನ್ನು ಕಂಡವರು ಮಾತ್ರ ವಿರಳ.

ನಗರವು ಬೆಳೆದಂತೆ ಕೂಕಟ್‌ಪಲ್ಲಿ ಮೊದಲಾದ ನಾಲೆಗಳ ಮೂಲಕ ಬಚ್ಚಲ ನೀರೂ ಕಾರ್ಖಾನೆಗಳ ಕೊಳೆಯೂ ಕೆರೆಯನ್ನು ಸೇರಿದುವು. ಬಚ್ಚಲ ನೀರಿನಲ್ಲಿ ಸಾರಜನಕ, ರಂಜಕಗಳುಂಟು. ಹೊಲದ ಗೊಬ್ಬರದಲ್ಲಿರುವುವೂ ಇವೇ. (ನಮ್ಮೂರ ಕಡೆ ಬೇಸಗೆಯಲ್ಲಿ ಕೆರೆಯ ಹೂಳನ್ನು ಗಾಡಿಯಲ್ಲಿ ಹೊಲಕ್ಕೆ ಸಾಗಿಸುವುದು ಸುಮ್ಮನೆ ಅಲ್ಲ.) ಈ ಗೊಬ್ಬರವನ್ನುಂಡು ಪಾಚಿಯು ಹುಲುಸಾಗಿ ಬೆಳೆದು, ಸತ್ತು, ತಳಕ್ಕಿಳಿಯುವುದು. ಅದನ್ನು ಕೊಳೆಯಿಸುವ ಸೂಕ್ಷ್ಮಾಣುಗಳು ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಬಿಡುವುವು. ಹೀಗೆ ತಳದಲ್ಲಿ ಅನ್ನ ಹೇರಳ, ಉಸಿರು ದುರ್ಲಭ.

ಇಂತಹ ಕೆಸರಿನಲ್ಲಿ ಬಾಳಬಲ್ಲ ಬೆನ್ನೆಲುಬಿಲ್ಲದ ಪ್ರಾಣಿಗಳು ಕೆಲವೇ. ಕೈರೋನೊಮಸ್ ಎಂಬುದು ಸೊಳ್ಳೆಯನ್ನು ಹೋಲುವ, ಆದರೆ ಕಚ್ಚದ ಕೀಟ. ಅದರ ಮರಿಹುಳು ರಕ್ತದಂತೆ ಕೆಂಪಗಿರುವುದು. ನಮ್ಮ ನೆತ್ತರಿನಲ್ಲಿರುವಂತೆ ಅದರ ದೇಹದ್ರವದಲ್ಲಿಯೂ ಹೀಮೋಗ್ಲೋಬಿನ್ ಇದ್ದು, ಸಿಕ್ಕಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದು. ಟ್ಯೂಬಿಫೆಕ್ಸ್ ಎಂಬ ಎರೆಹುಳುವಿನ ನಂಟನು ತಲೆಯನ್ನು ಕೆಸರಿನಲ್ಲಿ ಹುದುಗಿಸಿ ಬಾಲವನ್ನು ನೀರಿನಲ್ಲಿ ಆಡಿಸುತ್ತ ಉಸಿರಾಡುವುದು. ಆಮ್ಲಜನಕವು ಇಳಿದಂತೆ ಬಾಲವನ್ನು ಮತ್ತಷ್ಟು ಹೊರಚಾಚುವುದು. ಎಂತಹ ಉಪಾಯ!

ಇವುಗಳನ್ನು ಎಣಿಸುವುದು ಹೇಗೆ? ದೋಣಿಯಿಂದ ಬಾಯ್ದೆರೆದ ಲೋಹದ ಪೆಟ್ಟಿಗೆಯೊಂದನ್ನು ತಳಕ್ಕಿಳಿಸಿ, ಕೆಸರನ್ನು ಕಚ್ಚಿಸಿ ಮೇಲೆತ್ತಿ, ಸಣ್ಣ ಜರಡಿಯಲ್ಲಿ ತೊಳೆಯುವರು. ಪೆಟ್ಟಿಗೆಯ ಬಾಯಿ 15 ಸೆಂಟಿಮೀಟರಿನ ಚೌಕವಾಗಿದ್ದು 9 ಹುಳುಗಳು ದೊರೆತರೆ, ಚದರ ಮೀಟರಿಗೆ 400 ಎಂದಾಯಿತು. ಲೆಕ್ಕ ಮಾಡಿ ನೋಡಿರಿ.

ಆದರೆ ಈ ಸಂಖ್ಯೆಯು ವರ್ಷವಿಡೀ ಒಂದೇ ಆಗಿರುವುದಿಲ್ಲ. ನಮ್ಮ ದೇಶದ ಅನೇಕ ಕೆರೆಗಳಲ್ಲಿ ಮಳೆಗಾಲದ ಹೊಸನೀರು ಕೆಸರನ್ನು ಕದಡಿ ಹುಳುಗಳನ್ನು ಕೊಚ್ಚಿಕೊಂಡು ಹೋಗುವುದರಿಂದ ಸಂಖ್ಯೆ ಇಳಿಯುವುದು. ನೀರು ನೆಲೆನಿಂತು ಹೊಸ ಆಹಾರವು ತಳದಲ್ಲಿ ಶೇಖರವಾದ ಮೇಲೆ ಪುನಃ ಏರುವುದು. ಬಿರುಬೇಸಗೆಯಲ್ಲಿ ಬಿಸಿನೀರು ಆಮ್ಲಜನಕವನ್ನು ಹೆಚ್ಚಾಗಿ ಹಿಡಿದಿಡಲಾರದು. ಆಗ ಗಟ್ಟಿ ಜೀವಿಗಳು ಮಾತ್ರ ಉಳಿದು ತಾವೇ ತಾವಾಗಿ ಹೆಚ್ಚುವುದುಂಟು. ಆದುದರಿಂದ ಯಾವುದೋ ಒಂದು ತಿಂಗಳಿನಲ್ಲಿ ಎಣಿಸಿ ಕೆರೆಯು ಸುಧಾರಿಸಿತೆಂದೋ ಕೆಟ್ಟಿತೆಂದೋ ಹೇಳಲಾಗದು. ಹುಳುಗಳು ಹೆಚ್ಚಿದುವೆಂದು ಹಿಗ್ಗುವಂತೆಯೂ ಇಲ್ಲ: ಸಾವಿರ ಹುಳುಗಳು ಒಂದೇ ಜಾತಿಯವಾಗಿದ್ದರೆ ಅದು ರೋಗದ ಗುರುತು; ನೂರೇ ಇದ್ದರೂ ಹಲವು ಜಾತಿಗಳಿದ್ದರೆ ನೀರು ಮೇಲು.

ಕಡಿಮೆಯಾದುದೆಲ್ಲ ಸಾವೂ ಅಲ್ಲ. ಕೈರೋನೊಮಸಿನ ಮರಿಯು ಬೆಳೆದು, ಕೋಶಾವಸ್ಥೆಯನ್ನು ದಾಟಿ, ರೆಕ್ಕೆ ಪಡೆದು ನೀರನ್ನು ಬಿಟ್ಟು ಹೊರಡುವುದು. ಕೆರೆಯಂಚಿನ ದೀಪದ ಸುತ್ತ ಸಂಜೆ ಮುತ್ತುವ ಕಚ್ಚದ ಸೊಳ್ಳೆಗಳಲ್ಲಿ, ನಿನ್ನೆಯವರೆಗೆ ಕೆಸರಿನಲ್ಲಿದ್ದವೂ ಇರುವುವು.